ಬೀಗರ ಉಸಿರು ಉಳಿಸಿದ ಮೆಡಿಕ್ ಒನ್: ಹಳೆಯ ಕೆಎಸ್ಆರ್‌ಟಿಸಿ ನೌಕರನ ಕಣ್ಣಲ್ಲಿ ಕಿಂಗ್ ಕೌಂಟಿ ಆಂಬುಲೆನ್ಸ್ ಸೇವೆ

ನಾನು 34 ವರ್ಷ ಕೆಎಸ್ಆರ್‌ಟಿಸಿಯಲ್ಲಿ ದುಡಿದವನು. ಕೊನೆಯ 15 ವರ್ಷ ಹಾಸನ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಯಾವ ಗಾಡಿ ಎಷ್ಟು ಗಂಟೆಗೆ ಬಿಟ್ಟಿತು, ಎಷ್ಟು ಗಂಟೆಗೆ ಬಂತು, ಯಾಕೆ ತಡವಾಯಿತು ಅಂತ ಬರೆದಿಡುವುದೇ ನನ್ನ ಕೆಲಸ. ಆ ಅಭ್ಯಾಸ ರಿಟೈರ್ ಆದಮೇಲೂ ಬಿಟ್ಟಿಲ್ಲ. ಹಾಗಾಗಿ ಈ ಲೆಕ್ಕ ಬರೆಯುತ್ತಿದ್ದೇನೆ.

2023ರ ಮೇ ತಿಂಗಳು. ಅಮೆರಿಕದ ವಾಷಿಂಗ್ಟನ್ ರಾಜ್ಯ, ಸಿಯಾಟಲ್ ಪಕ್ಕದ ಬೆಲ್‌ವ್ಯೂ ಊರು. ಮಗಳು, ಅಳಿಯ ಅಲ್ಲಿ ಕೆಲಸದಲ್ಲಿದ್ದಾರೆ. ಮೊಮ್ಮಗುವಿನ ನಾಮಕರಣಕ್ಕೆ ಅಂತ ನಾವಿಬ್ಬರು, ಬೀಗರಿಬ್ಬರು, ನಾಲ್ಕೂ ಜನ ಒಟ್ಟಿಗೆ ಅವರ ಮನೆಯಲ್ಲಿದ್ದೆವು. ಬೀಗರು ತುಮಕೂರಿನವರು, ಹೈಸ್ಕೂಲ್ ಮೇಷ್ಟರಾಗಿದ್ದವರು. ನನಗಿಂತ ಎರಡು ವರ್ಷ ದೊಡ್ಡವರು.

ಅವತ್ತು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಸೋಫಾ ಮೇಲೆ ಕೂತಿದ್ದರು. ಕಾಫಿ ಲೋಟ ಕೈಯಲ್ಲಿತ್ತು. ಅಳಿಯ ಆಫೀಸಿಗೆ ಹೊರಟಾಗಿತ್ತು. ನಾನು ಎದುರಿಗೆ ಕೂತು ಮೊಬೈಲ್ ನೋಡುತ್ತಿದ್ದೆ. ಲೋಟ ಕೆಳಗೆ ಬಿದ್ದ ಸದ್ದು ಕೇಳಿ ತಲೆ ಎತ್ತಿದೆ. ಬೀಗರ ತಲೆ ಹಿಂದಕ್ಕೆ ವಾಲಿತ್ತು. ಗೊರಕೆ ಹೊಡೆದ ಹಾಗೆ ಒಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ನಿದ್ದೆ ಬಂತೇನೋ ಅಂದುಕೊಂಡೆ. "ಬೀಗರೇ, ಬೀಗರೇ" ಅಂತ ಭುಜ ಅಲ್ಲಾಡಿಸಿದೆ. ಏನೂ ಇಲ್ಲ.

ಮಗಳು ಓಡಿಬಂದು 911ಕ್ಕೆ, ಅಂದರೆ ಅಮೆರಿಕದ ತುರ್ತು ಸೇವೆಯ ನಂಬರಿಗೆ, ಫೋನ್ ಮಾಡಿದಳು. ಸ್ಪೀಕರ್ ಹಾಕಿದಳು. ಆ ಕಡೆ ಒಂದು ಹೆಣ್ಣುಮಗಳ ದನಿ. ಮೊದಲು ವಿಳಾಸ ಕೇಳಿದರು. ಆಮೇಲೆ ಎರಡೇ ಪ್ರಶ್ನೆ. ಎಚ್ಚರ ಇದ್ದಾರಾ? ಸರಿಯಾಗಿ ಉಸಿರಾಡುತ್ತಿದ್ದಾರಾ? ಮಗಳು "ಎಚ್ಚರ ಇಲ್ಲ, ಗೊರಕೆ ತರಹ ಏನೋ ಸದ್ದು ಬರುತ್ತಿದೆ" ಅಂದಳು. ಅದು ಉಸಿರಾಟ ಅಲ್ಲ ಅಂತ ಆಕೆ ತಕ್ಷಣ ಹೇಳಿದರು. ಸೋಫಾ ಮೇಲೆ ಬೇಡ, ನೆಲಕ್ಕೆ ಎಳೆಯಿರಿ, ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಇಡಿ, ಅದರ ಮೇಲೆ ಇನ್ನೊಂದು ಕೈ, ಜೋರಾಗಿ ಒತ್ತಿ, ನಾನು ಎಣಿಸುತ್ತೇನೆ.

ಒತ್ತಿದವನು ನಾನು. ಆ ಕಡೆಯಿಂದ ಆಕೆ ಇಂಗ್ಲಿಷಿನಲ್ಲಿ ಎಣಿಸುತ್ತಿದ್ದರು. ಮಗಳು ಅದೇ ತಾಳಕ್ಕೆ "ಒಂದು, ಎರಡು, ಮೂರು, ನಾಲ್ಕು" ಅಂತ ಕನ್ನಡದಲ್ಲಿ ಕೂಗುತ್ತಿದ್ದಳು. ನಿಮಿಷಕ್ಕೆ ನೂರಕ್ಕೂ ಜಾಸ್ತಿ ಸಲ, ಎರಡು ಇಂಚು ಆಳಕ್ಕೆ. ಎದೆಯಲ್ಲಿ ಲಟಕ್ ಅಂದಿತು. ನನ್ನ ಕೈ ನಿಂತಿತು. "ಪಕ್ಕೆಲುಬು ಮುರಿದರೂ ಪರವಾಗಿಲ್ಲ, ನಿಲ್ಲಿಸಬೇಡಿ ಅಂತಿದ್ದಾರೆ ಅಪ್ಪ" ಅಂತ ಮಗಳು ಕೂಗಿದಳು. ಮತ್ತೆ ಒತ್ತಿದೆ. ನನ್ನ ಮನೆಯವರು ಬರಿಗಾಲಲ್ಲೇ ಕೆಳಗೆ ಓಡಿಹೋಗಿ ಗೇಟ್ ತೆಗೆದು ನಿಂತಿದ್ದರು.

ಮಗಳ ಫೋನಿನಲ್ಲಿ ಕರೆ ಮಾಡಿದ ಹೊತ್ತು 7:09 ಅಂತ ಇತ್ತು. ಫೈರ್ ಇಂಜಿನ್ ಬಂದು ಅವರು ಒಳಗೆ ಕಾಲಿಟ್ಟಾಗ ಅಡುಗೆಮನೆಯ ಗಡಿಯಾರದಲ್ಲಿ 7:14. ಐದು ನಿಮಿಷ.

ನಾನು ಆಂಬುಲೆನ್ಸ್ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಬೆಂಕಿ ಆರಿಸುವ ಕೆಂಪು ಗಾಡಿ. ಮೂರು ಜನ. ಒಬ್ಬರು ನನ್ನ ಹೆಗಲು ಮುಟ್ಟಿ ಪಕ್ಕಕ್ಕೆ ಸರಿಸಿ ನಾನು ಒತ್ತುತ್ತಿದ್ದ ಜಾಗದಲ್ಲೇ ಕೈ ಇಟ್ಟರು. ಒಂದು ಏಟೂ ತಪ್ಪಲಿಲ್ಲ. ಇನ್ನೊಬ್ಬರು ಅಂಗಿ ಕತ್ತರಿಸಿ ಎದೆಗೆ ಎರಡು ಪ್ಯಾಡ್ ಅಂಟಿಸಿದರು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುತ್ತಿದ್ದರು, ಸುಸ್ತಾದ ಕೈ ಸರಿಯಾಗಿ ಒತ್ತುವುದಿಲ್ಲ ಅಂತ. ಒಂದು ಶಾಕ್ ಕೊಟ್ಟರು. ಮತ್ತೆ ಒತ್ತಿದರು. ಅಷ್ಟರಲ್ಲಿ ಇನ್ನೊಂದು ಗಾಡಿ ಬಂತು. ಅದೇ ಮೆಡಿಕ್ ಒನ್, ಜೀವಕ್ಕೆ ಅಪಾಯ ಇದ್ದಾಗ ಬರುವ ಆಂಬುಲೆನ್ಸ್. ಅದರಲ್ಲಿ ಇಬ್ಬರು ಪ್ಯಾರಾಮೆಡಿಕ್, ಅಂದರೆ ಸ್ಥಳದಲ್ಲೇ ಚಿಕಿತ್ಸೆ ಕೊಡಲು ತರಬೇತಿ ಪಡೆದವರು. ಗಂಟಲಿಗೆ ನಳಿಕೆ, ಕೈಗೆ ಸೂಜಿ, ಔಷಧಿ. ಎರಡನೇ ಶಾಕ್. ಯಾರೂ ಕೂಗಾಡಲಿಲ್ಲ. ಬರೇ ಎಣಿಕೆಯ ದನಿ. ಆಮೇಲೆ ಒಬ್ಬರು ಕತ್ತಿಗೆ ಬೆರಳಿಟ್ಟು ತಲೆಯಾಡಿಸಿದರು.

ಬೀಗಿತಿಯವರು ಮೂಲೆಯಲ್ಲಿ ಕೂತಿದ್ದರು. ಆ ಪ್ಯಾರಾಮೆಡಿಕ್ ಅವರ ಮುಂದೆ ಮಂಡಿಯೂರಿ ಕೂತು, ನಾಡಿ ಸಿಕ್ಕಿದೆ ಅಂತ ನಿಧಾನವಾಗಿ ಹೇಳಿದರು. ಮಗಳು ಕನ್ನಡದಲ್ಲಿ ಹೇಳುವ ಮೊದಲೇ ಬೀಗಿತಿಗೆ ಅರ್ಥವಾಗಿತ್ತು.

ಊರಿನಲ್ಲೇ ಇರುವ ಓವರ್‌ಲೇಕ್ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಬೀಗರು ನಾಲ್ಕನೇ ದಿನ ಮಾತಾಡಿದರು. ಒಂಬತ್ತನೇ ದಿನ ಮನೆಗೆ ಬಂದರು. ಪಕ್ಕೆಲುಬು ಎರಡು ತಿಂಗಳು ನೋಯುತ್ತಿತ್ತು. ಅದು ನನ್ನ ಕೈಯ ನೋವು. ಆದರೂ ಅವರು ಒಂದು ಸಲವೂ ಆ ಬಗ್ಗೆ ದೂರಲಿಲ್ಲ.

ಈಗ ಸೇವೆಯ ಬಗ್ಗೆ ಬರೆಯುತ್ತೇನೆ. ಆಸ್ಪತ್ರೆಗೆ ಓಡಾಡುವ ದಿನಗಳಲ್ಲಿ ನನಗೆ ಒಂದೇ ಯೋಚನೆ. ಐದು ನಿಮಿಷದಲ್ಲಿ ಗಾಡಿ ಬರಬೇಕಾದರೆ ಎಷ್ಟು ಡಿಪೋ ಬೇಕು, ಎಷ್ಟು ಜನ ಬೇಕು, ಯಾರು ದುಡ್ಡು ಕೊಡುತ್ತಾರೆ? ಬೆಲ್‌ವ್ಯೂ ಲೈಬ್ರರಿಗೆ ಹೋಗಿ ಕೂತೆ. ಮಗಳು ಹುಡುಕಿಕೊಟ್ಟದ್ದನ್ನು ನಿಧಾನವಾಗಿ ಓದಿದೆ.

ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಕಿಂಗ್ ಕೌಂಟಿಯಲ್ಲಿ ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಎಲ್ಲ ಸೇರಿ 39 ಊರು. 2020ರ ಗಣತಿಯಲ್ಲಿ ಸುಮಾರು 22 ಲಕ್ಷ 70 ಸಾವಿರ ಜನ. ಹೆಸರಿನಲ್ಲಿರುವ ಕಿಂಗ್ ಈಗ ಮಾರ್ಟಿನ್ ಲೂಥರ್ ಕಿಂಗ್. ಕೌಂಟಿಯ ಲಾಂಛನದಲ್ಲೂ ಅವರದ್ದೇ ಮುಖ ಇದೆ. ಅದನ್ನು ನೋಡಿದಾಗ ನನಗೆ ಖುಷಿಯಾಯಿತು.

1960ರ ದಶಕದವರೆಗೂ ಅಮೆರಿಕದ ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು ಹೆಣ ಸಾಗಿಸುವ ಅಂಗಡಿಯವರು. ಮನುಷ್ಯನನ್ನು ಮಲಗಿಸಿಕೊಂಡು ಹೋಗುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಹತ್ತಿರವೇ. ಬೇಗ ಆಸ್ಪತ್ರೆಗೆ ಮುಟ್ಟಿಸುವುದಷ್ಟೇ ಅವರ ಕೆಲಸ. ದಾರಿಯಲ್ಲಿ ಚಿಕಿತ್ಸೆ ಅನ್ನುವ ಮಾತೇ ಇರಲಿಲ್ಲ. ಇದನ್ನು ಮೊದಲು ಬದಲಾಯಿಸಿದವರಲ್ಲಿ ಒಬ್ಬರು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನ ಡಾಕ್ಟರ್ ಫ್ರಾಂಕ್ ಪ್ಯಾಂಟ್ರಿಡ್ಜ್. ಹೃದಯದ ರೋಗಿಗಳು ಆಸ್ಪತ್ರೆ ಮುಟ್ಟುವ ಮೊದಲೇ ಸಾಯುತ್ತಿದ್ದಾರೆ, ಹಾಗಾದರೆ ಆಸ್ಪತ್ರೆಯೇ ಅವರ ಹತ್ತಿರ ಹೋಗಲಿ ಅಂದರು. 1966ರಲ್ಲಿ ಆಂಬುಲೆನ್ಸಿನಲ್ಲಿ ಶಾಕ್ ಕೊಡುವ ಯಂತ್ರ ಇಟ್ಟು ಕಳಿಸಿದರು. ಕಾರಿನ ಬ್ಯಾಟರಿಯಿಂದ ನಡೆಯುತ್ತಿದ್ದ ಯಂತ್ರ. ತೂಕ ಸುಮಾರು 70 ಕಿಲೋ.

ಆ ಸುದ್ದಿ ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆಯ ಹೃದಯದ ಡಾಕ್ಟರ್ ಲೆನಾರ್ಡ್ ಕಾಬ್ ಅವರಿಗೆ ಮುಟ್ಟಿತು. ಆದರೆ ಪ್ರತಿ ಗಾಡಿಯಲ್ಲೂ ಒಬ್ಬ ಡಾಕ್ಟರನ್ನು ಕೂರಿಸಲು ಎಲ್ಲಿಂದ ತರುವುದು? ಆಗಿನ ಅಗ್ನಿಶಾಮಕ ದಳದ ಮುಖ್ಯಸ್ಥರು ಗಾರ್ಡನ್ ವಿಕರಿ. ಇಬ್ಬರೂ ಕೂತು ಮಾತಾಡಿದರು. ಫೈರ್ ಸ್ಟೇಷನ್ ಊರ ತುಂಬ ಇವೆ. ಅಲ್ಲಿ ಹಗಲು ರಾತ್ರಿ ಜನ ಇರುತ್ತಾರೆ. ಅವರಿಗೇ ಕಲಿಸಿದರೆ ಆಯಿತಲ್ಲ! ಡಿಪೋ ನಡೆಸಿದ ಯಾರಿಗಾದರೂ ಇದರ ಬೆಲೆ ಗೊತ್ತಾಗುತ್ತದೆ. ಹೊಸ ಡಿಪೋ ಕಟ್ಟಲಿಲ್ಲ. ಇರುವ ಡಿಪೋಗೇ ಹೊಸ ಕೆಲಸ ಕೊಟ್ಟರು.

1970ರ ಮಾರ್ಚ್ 7ರಂದು ಮೆಡಿಕ್ ಒನ್ ಶುರುವಾಯಿತು. ಮೊದಲ ಗಾಡಿ ಒಂದೇ ಒಂದು. ಮನೆಯ ಹಾಗೆ ಕಟ್ಟಿದ ದೊಡ್ಡ ವ್ಯಾನನ್ನು ಮಾರ್ಪಾಡು ಮಾಡಿದ್ದು. ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ ನಿಲ್ಲುತ್ತಿತ್ತು. ಅದರ ಗಾತ್ರ ನೋಡಿ ಜನ 'ಮೋಬಿ ಪಿಗ್' ಅಂತ ಹೆಸರಿಟ್ಟಿದ್ದರು. ನಾನು ಫೋಟೋ ನೋಡಿದೆ. ನಮ್ಮ ಹಳೇ ಮಿನಿಬಸ್ ನೆನಪಾಯಿತು. ಆ ಗಾಡಿಯನ್ನು ಸಂದಿಗೊಂದಿಯಲ್ಲಿ ತಿರುಗಿಸಿದ ಡ್ರೈವರ್‌ಗಳಿಗೆ ನಾನು ಕೈ ಮುಗಿಯುತ್ತೇನೆ.

ಕಾಬ್ ಮತ್ತು ವಿಕರಿ ಅಷ್ಟಕ್ಕೇ ನಿಲ್ಲಲಿಲ್ಲ. ಗಾಡಿ ಎಷ್ಟೇ ಬೇಗ ಹೋದರೂ ಹೃದಯ ನಿಂತವನಿಗೆ ತಡವೇ. ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಇಳಿಯುತ್ತ ಹೋಗುತ್ತದೆ. ಹಾಗಾದರೆ ಗಾಡಿ ಬರುವ ತನಕ ಯಾರು ಒತ್ತುತ್ತಾರೆ? ಊರಿನ ಜನವೇ ಒತ್ತಬೇಕು. 1970ರ ದಶಕದ ಮೊದಲಲ್ಲೇ ಸಾಮಾನ್ಯ ಜನರಿಗೆ ಎದೆ ಒತ್ತುವುದನ್ನು ಕಲಿಸಲು ಶುರು ಮಾಡಿದರು. ಅದಕ್ಕೆ 'ಮೆಡಿಕ್ ಟೂ' ಅಂತ ಹೆಸರು. ಅಂದರೆ ಎರಡನೇ ಆಂಬುಲೆನ್ಸ್ ಊರಿನ ಜನವೇ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅವತ್ತು ಆ ಎರಡನೇ ಆಂಬುಲೆನ್ಸ್ ನಾನೇ ಆಗಿದ್ದೆ ಅಲ್ವಾ?

1980ರ ಆಸುಪಾಸಿನಲ್ಲಿ ಕಿಂಗ್ ಕೌಂಟಿಯಲ್ಲಿ ಡಾಕ್ಟರ್ ಮಿಕಿ ಐಸೆನ್‌ಬರ್ಗ್ ಮತ್ತವರ ಜೊತೆಯವರು ಇನ್ನೂ ಎರಡು ಕೆಲಸ ಮಾಡಿದರು. ಒಂದು, ಪ್ಯಾರಾಮೆಡಿಕ್ ಬರುವವರೆಗೂ ಕಾಯದೆ ಫೈರ್ ಇಂಜಿನ್‌ನಲ್ಲಿ ಬರುವ ಇಎಂಟಿಗಳ (ಪ್ಯಾರಾಮೆಡಿಕ್‌ಗಿಂತ ಕಡಿಮೆ ತರಬೇತಿ ಇರುವ ತುರ್ತು ಸಿಬ್ಬಂದಿಯ) ಕೈಗೇ ಶಾಕ್ ಯಂತ್ರ ಕೊಟ್ಟರು. ಇನ್ನೊಂದು, ಫೋನ್ ಎತ್ತುವವರೇ ಒತ್ತುವುದನ್ನು ಹೇಳಿಕೊಡುವ ಪದ್ಧತಿ. ಎಚ್ಚರ ಇಲ್ಲ, ಸರಿಯಾದ ಉಸಿರಿಲ್ಲ, ಹಾಗಾದರೆ ಒತ್ತಲು ಶುರು ಮಾಡಿ. ಅಷ್ಟೇ. ನಮ್ಮ ಮನೆಗೆ ಬಂದ ಆ ಎರಡು ಪ್ರಶ್ನೆಯ ಹಿಂದೆ 40 ವರ್ಷದ ದುಡಿಮೆ ಇತ್ತು. ಅವರು ಕರೆಗಳ ರೆಕಾರ್ಡನ್ನು ಮತ್ತೆ ಮತ್ತೆ ಕೇಳಿ, ಎಲ್ಲಿ ಹೊತ್ತು ಹೋಯಿತು ಅಂತ ಹುಡುಕುತ್ತಾರೆ. ಪ್ರತಿ ಹೃದಯ ನಿಂತ ಪ್ರಕರಣವನ್ನೂ ಲೆಕ್ಕ ಇಡುತ್ತಾರೆ. ಒಳ್ಳೆಯ ಡಿಪೋದಲ್ಲಿ ಬ್ರೇಕ್‌ಡೌನ್ ರಿಜಿಸ್ಟರ್ ಇಡುವ ಹಾಗೆ.

ಇದರ ಫಲ ಅಂಕಿಯಲ್ಲೇ ಕಾಣುತ್ತದೆ. ಯಾರಾದರೂ ನೋಡುತ್ತಿರುವಾಗಲೇ ಕುಸಿದು, ಶಾಕ್‌ಗೆ ಬಗ್ಗುವ ತರಹದಲ್ಲಿ ಹೃದಯ ಕೆಟ್ಟವರಲ್ಲಿ 2013ರಲ್ಲಿ ಈ ಕೌಂಟಿಯಲ್ಲಿ 100ಕ್ಕೆ 62 ಜನ ಬದುಕಿ ಮನೆಗೆ ಹೋದರು. ಬೇರೆ ಎಷ್ಟೋ ಕಡೆ ಇದರ ಹತ್ತಿರಕ್ಕೂ ಬರುವುದಿಲ್ಲ. ಬೇರೆ ಊರಿನವರಿಗೆ ಕಲಿಸಲೆಂದೇ 2008ರಿಂದ ಇಲ್ಲಿ ರಿಸಸಿಟೇಷನ್ ಅಕಾಡೆಮಿ ಅಂತ ನಡೆಸುತ್ತಿದ್ದಾರೆ.

ಪ್ಯಾರಾಮೆಡಿಕ್‌ಗಳ ತರಬೇತಿ 2,000 ಗಂಟೆಗೂ ಜಾಸ್ತಿ. ಹಾರ್ಬರ್‌ವ್ಯೂನಲ್ಲೇ, ಡಾಕ್ಟರ್‌ಗಳ ಕೈಕೆಳಗೆ. ಆ ತರಬೇತಿಯನ್ನು ಬಹಳ ವರ್ಷ ಕಟ್ಟಿ ಬೆಳೆಸಿದವರು ಡಾಕ್ಟರ್ ಮೈಕಲ್ ಕೋಪಾಸ್. ಕಾಬ್ ಅವರು 2023ರ ಫೆಬ್ರವರಿಯಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ನಾವು ಅಲ್ಲಿಗೆ ಹೋಗುವುದಕ್ಕೆ ಎರಡು ತಿಂಗಳು ಮುಂಚೆ. ಬೀಗರು ಆ ಸುದ್ದಿಯನ್ನು ಓದಿಸಿಕೊಂಡು ಕೇಳಿದರು. "ಇವರಿಗೆ ನಾನು ಒಂದು ಕಾಗದ ಬರೆಯಬೇಕಿತ್ತು" ಅಂದರು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಸೇವೆಯ ಅತಿ ದೊಡ್ಡ ಗುಣ ಇದೇ. ಶುರುವಿನಲ್ಲಿ ಸರ್ಕಾರದ ಅನುದಾನ ಇತ್ತು. ಅದು ಮುಗಿದಾಗ ಊರಿನ ಜನ ಚಂದಾ ಎತ್ತಿ ಉಳಿಸಿಕೊಂಡರು. 1974ರಲ್ಲಿ ಮೆಡಿಕ್ ಒನ್ ಫೌಂಡೇಷನ್ ಶುರುವಾಯಿತು. ಇವತ್ತಿಗೂ ಅದು ತರಬೇತಿಗೆ ದುಡ್ಡು ಕೊಡುತ್ತದೆ. 1979ರಲ್ಲಿ ಇಡೀ ಕೌಂಟಿಯ ಮತದಾರರು ಇದಕ್ಕೆಂದೇ ಆಸ್ತಿ ತೆರಿಗೆ ಕಟ್ಟಲು ಒಪ್ಪಿದರು. ಆ ತೆರಿಗೆಗೆ ಅವಧಿ ಇದೆ. ಮುಗಿದಾಗ ಮತ್ತೆ ಮತಕ್ಕೆ ಹಾಕುತ್ತಾರೆ. 2019ರಲ್ಲಿ ಮತ್ತೆ ಆರು ವರ್ಷಕ್ಕೆ ಒಪ್ಪಿಗೆ ಸಿಕ್ಕಿತು. ಆಗ ಒಪ್ಪಿದ ದರ, ಮನೆಯ ಬೆಲೆಯಲ್ಲಿ ಪ್ರತಿ 1,000 ಡಾಲರಿಗೆ 26.5 ಸೆಂಟ್ ಇತ್ತು. ಆ ದರದಲ್ಲಿ 10 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 265 ಡಾಲರ್ ಆಗುತ್ತಿತ್ತು. ನಮ್ಮ ಮೇಲೆ ತೆರಿಗೆ ಹಾಕಿ ಅಂತ ಜನರೇ ಕೈ ಎತ್ತಿ ಹೇಳುವುದನ್ನು ನಾನು ಮೊದಲು ಕೇಳಿದ್ದು ಇಲ್ಲೇ.

ಅವತ್ತಿನ ಮೆಡಿಕ್ ಒನ್ ಗಾಡಿಗೆ ನಮ್ಮ ಮನೆಗೆ ಬಿಲ್ ಬರಲಿಲ್ಲ. ಆಸ್ಪತ್ರೆಯ ಬಿಲ್ಲಿನ ಕಥೆ ಬೇರೆ. ವಿಸಿಟರ್ ಇನ್ಶೂರೆನ್ಸ್ ಮಾಡಿಸಿದ್ದು ನಮ್ಮ ಪುಣ್ಯ.

ಆದರೆ ಒಂದು ದೂರು ಇದೆ. ಮೂರು ವಾರ ಆದಮೇಲೆ ಬೀಗರಿಗೆ ತಲೆ ಸುತ್ತು ಬಂತು. ಮತ್ತೆ 911. ಮತ್ತೆ ಫೈರ್ ಇಂಜಿನ್‌ನವರು ಬಂದು ನೋಡಿದರು. ಜೀವಕ್ಕೆ ಅಪಾಯ ಇಲ್ಲ, ಆದರೂ ಆಸ್ಪತ್ರೆಗೆ ಹೋಗುವುದು ಒಳ್ಳೆಯದು ಅಂದರು. ಆಗ ಬಂದದ್ದು ಒಂದು ಖಾಸಗಿ ಕಂಪನಿಯ ಆಂಬುಲೆನ್ಸ್. ಮೂರು ಮೈಲಿ ದೂರ. ಆಮೇಲೆ ಅಂಚೆಯಲ್ಲಿ 1,180 ಡಾಲರ್ ಬಿಲ್ ಬಂತು. ಗಾಡಿ ಹತ್ತಿಸುವಾಗ ಇದಕ್ಕೆ ದುಡ್ಡಾಗುತ್ತದೆ ಅಂತ ಆ ಕಂಪನಿಯವರು ಒಂದು ಮಾತೂ ಹೇಳಿರಲಿಲ್ಲ. ಬೀಗರು ಆ ಬಿಲ್ ನೋಡಿ, ತಾನು ಮಗನಿಗೆ ಹೊರೆಯಾದೆ ಅಂತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ವ್ಯವಸ್ಥೆಯಲ್ಲಿ ಎರಡು ಹಂತ ಇದೆ. ಜೀವಕ್ಕೆ ಅಪಾಯ ಇದ್ದರೆ ಮೆಡಿಕ್ ಒನ್. ಇಲ್ಲದಿದ್ದರೆ ಫೈರ್ ಡಿಪಾರ್ಟ್‌ಮೆಂಟ್ ಗಾಡಿ, ಇಲ್ಲಾ ಖಾಸಗಿ ಗಾಡಿ. ಪ್ಯಾರಾಮೆಡಿಕ್‌ಗಳು ನಿಜವಾಗಿ ಬೇಕಾದ ಕಡೆಗೆ ಬಿಡುವಾಗಿರಬೇಕು ಅನ್ನುವುದು ಸರಿಯಾದ ಯೋಚನೆಯೇ. ಆದರೆ ಹೊರಗಿನಿಂದ ಬಂದ ವಯಸ್ಸಾದವರಿಗೆ ಈ ವ್ಯತ್ಯಾಸವನ್ನು ಬಾಗಿಲಲ್ಲೇ ಯಾರಾದರೂ ಬಿಡಿಸಿ ಹೇಳಬೇಕು. ಮಗ ಕರೆದುಕೊಂಡು ಹೋಗಬಹುದಾದ ದೂರ ಅದು.

ನಮ್ಮ ಕಡೆಯ ಮಾತನ್ನೂ ಹೇಳಬೇಕು. 1994ರಲ್ಲಿ ನಮ್ಮ ಒಬ್ಬ ಕಂಡಕ್ಟರ್ ಬಸ್ ನಿಲ್ದಾಣದಲ್ಲೇ ಕುಸಿದುಬಿದ್ದರು. ಟಿಕೆಟ್ ಹಣ ಎಣಿಸುತ್ತಿದ್ದರು. ಆಗಲೂ ನಾನು ಪಕ್ಕದಲ್ಲೇ ಇದ್ದೆ. ಅದೇ ಗೊರಕೆಯ ಸದ್ದು. ಮುಖಕ್ಕೆ ನೀರು ಹಾಕಿದೆವು. ಬೀಸಣಿಗೆಯಲ್ಲಿ ಗಾಳಿ ಬೀಸಿದೆವು. ಯಾರೋ ಸೋಡಾ ತಂದರು. ಕೊನೆಗೆ ಒಂದು ಅಂಬಾಸಿಡರ್ ಹಿಡಿದು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ಎದೆ ಒತ್ತಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರಿಗೆ 41 ವರ್ಷ. ಬೆಲ್‌ವ್ಯೂನಲ್ಲಿ ಆ ದನಿ "ಅದು ಉಸಿರಾಟ ಅಲ್ಲ" ಅಂದಾಗ ನನಗೆ ನೆನಪಾದದ್ದು ಅವರ ಮುಖ.

ಈಗ ನಮಗೆ 108 ಇದೆ. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಆರೋಗ್ಯ ಕವಚ ಅಂತ ಕರ್ನಾಟಕದಲ್ಲಿ ಶುರುವಾಯಿತು. ದುಡ್ಡು ಕೊಡಬೇಕಿಲ್ಲ. ನಮ್ಮ ಹಳ್ಳಿಯ ಕಡೆ ಹೆರಿಗೆಗೆ, ಹಾವು ಕಡಿತಕ್ಕೆ, ಹೆದ್ದಾರಿ ಅಪಘಾತಕ್ಕೆ ಅದು ಬಂದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಗಾಡಿಯ ಸಂಖ್ಯೆ ಇನ್ನೂ ಜಾಸ್ತಿಯಾಗಬೇಕು, ನಿಜ. ಆದರೆ ನಮ್ಮಲ್ಲಿ ಬಾಕಿ ಇರುವುದು ಆ 'ಮೆಡಿಕ್ ಟೂ'. ಗಾಡಿ ಬರುವ ತನಕ ಪಕ್ಕದಲ್ಲಿರುವವನ ಎರಡು ಕೈ. ಅದಕ್ಕೆ ಕೋಟಿಗಟ್ಟಲೆ ಬೇಡ. ಒಂದು ಗೊಂಬೆ, ಒಂದು ಚಾಪೆ, ಒಂದು ಮಧ್ಯಾಹ್ನ ಸಾಕು. ನಾನು ಜುಲೈನಲ್ಲಿ ಅಲ್ಲಿನ ಒಂದು ತರಗತಿಗೆ ಹೋಗಿ ಸರಿಯಾಗಿ ಕಲಿತೆ. ಬೀಗಿತಿಯವರೂ ಕಲಿತರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿಯೂರಿ, ನನಗಿಂತ ಚೆನ್ನಾಗಿ ಒತ್ತಿದರು.

ನನ್ನ ಅಂಕ: ಫೋನ್ ಎತ್ತಿದವರಿಗೆ ಐದಕ್ಕೆ ಐದು. ಫೈರ್ ಇಂಜಿನ್‌ನವರಿಗೆ, ಮೆಡಿಕ್ ಒನ್‌ನವರಿಗೆ ಐದಕ್ಕೆ ಐದು. ಆ ಖಾಸಗಿ ಗಾಡಿಗೆ ಎರಡು. ಅದರ ಡ್ರೈವರ್ ಒಳ್ಳೆಯವನು, ಬೀಗರಿಗೆ ಕಂಬಳಿ ಹೊದಿಸಿದ. ಅದಕ್ಕೇ ಆ ಎರಡು.

ಮಕ್ಕಳ ಮನೆಗೆ ಹೊರಟಿರುವ ಅಪ್ಪ ಅಮ್ಮಂದಿರಿಗೆ ಎರಡು ಮಾತು. ನಾವು ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತೇವೆ. ಮನೆಯ ವಿಳಾಸ ನಮ್ಮ ಬಾಯಿಗೆ ಬರುವುದಿಲ್ಲ. ಗೇಟಿನ ನಂಬರ್ ಗೊತ್ತಿರುವುದಿಲ್ಲ. ಅವತ್ತು ಮಗಳು ಸ್ನಾನದ ಮನೆಯಲ್ಲಿದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಎದೆ ನಡುಗುತ್ತದೆ. 911ಕ್ಕೆ ಫೋನ್ ಮಾಡಿ "ಕನ್ನಡ" ಅಂದರೆ ದುಭಾಷಿಗಳನ್ನು ಫೋನಿನಲ್ಲಿ ಸೇರಿಸಲು ನೋಡುತ್ತಾರೆ. ಆದರೆ ಅದಕ್ಕೆ ಹೊತ್ತು ಹಿಡಿಯುತ್ತದೆ. ಮೊದಲು ವಿಳಾಸ ಹೇಳಲು ಬರಬೇಕು. ಆಮೇಲೆ "ನಾಟ್ ಅವೇಕ್, ನಾಟ್ ಬ್ರೀದಿಂಗ್" ಅನ್ನುವ ನಾಲ್ಕು ಪದ. ಬೀಗರು ಆಸ್ಪತ್ರೆಯಿಂದ ಬಂದ ದಿನವೇ ನಾನು ಇಷ್ಟನ್ನೂ ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಮನೆ ನಂಬರ್, ರಸ್ತೆ, ಊರು, ಗೇಟಿನ ನಾಲ್ಕು ಅಂಕಿ.

ಗೇಟಿನ ನಂಬರ್ ಬದಲಾಯಿತಂತೆ. ಚೀಟಿ ತೆಗೆಯದೆ, ಹಳೆಯ ಅಂಕಿ ಹೊಡೆದು ಹೊಸದು ಬರೆದಿದ್ದೇನೆ ಅಂತ ಮಗಳು ಹೋದ ಭಾನುವಾರ ಫೋನಿನಲ್ಲಿ ಹೇಳಿದಳು.